ಎಲೆಯ ಕ್ಯಾಲ್ಸಿಯಂ ಏರಿಕೆ: ಸಾದಾ ಪ್ಲೇಟ್ ರೀಡರ್‌ನಲ್ಲೇ ಅಳೆದ ನನ್ನ ಅನುಭವ

ಎಲೆಚೂರಿನಲ್ಲಿ ಎಕೋರಿನ್ (ಕ್ಯಾಲ್ಸಿಯಂ ತಾಗಿದರೆ ಬೆಳಗುವ ಪ್ರೋಟೀನ್) ಬೆಳಕನ್ನು ನಂಬಬೇಡಿ, ದುಬಾರಿ ಕ್ಯಾಮೆರಾ ಇಲ್ಲದೆ ಆಗಲ್ಲ ಅಂತ ಜೊತೆಯವರು ಹೇಳುತ್ತಲೇ ಇದ್ದರು. ಈಗ ಅರಬಿಡಾಪ್ಸಿಸ್ ಅನ್ನೋ ಪ್ರಯೋಗದ ಪುಟ್ಟ ಗಿಡಕ್ಕೆ ಫ್ಲೆಗ್22 (ಬ್ಯಾಕ್ಟೀರಿಯಾದ ಬಾಲದ ಪ್ರೋಟೀನಿನ ತುಣುಕು) ಹಾಕಿದರೆ ನನ್ನ ಪ್ಲೇಟ್‌ಗಳಲ್ಲಿ ಪ್ರತಿ ಸಲವೂ ಒಂದೇ ಥರದ ಬೆಳಕಿನ ಗೆರೆ ಬರುತ್ತದೆ.

ಜಾಸ್ತಿ ಕಾಡಿದ್ದು ನೀರು. ಬರೀ ನೀರು ಹಾಕಿದ ವೆಲ್‌ಗಳಲ್ಲೂ (ಪ್ಲೇಟ್‌ನ ಪುಟ್ಟ ಗುಳಿಗಳಲ್ಲೂ) ಬೆಳಕು ಚಿಮ್ಮುತ್ತಿತ್ತು. ಗಿಡಕ್ಕೆ ಮುಟ್ಟಿದ್ದೂ ತಂಪೂ ಗೊತ್ತಾಗುತ್ತದೆ ಅಲ್ವಾ, ಇಂಜೆಕ್ಟರ್ ಹನಿ ಬಿದ್ದರೆ ಸಾಕು, ಕ್ಯಾಲ್ಸಿಯಂ ಏರುತ್ತದೆ. ಆದರೆ ಅದು ತಕ್ಷಣ ಬಂದು ಬೇಗ ಇಳಿಯುತ್ತದೆ. ಫ್ಲೆಗ್22ರ ಏರಿಕೆ ಅರ್ಧ ನಿಮಿಷಕ್ಕೂ ಮೇಲೆ ಕಾದು ಶುರುವಾಗುತ್ತದೆ. ಎರಡು-ಮೂರು ನಿಮಿಷಕ್ಕೆ ತುದಿ ಮುಟ್ಟಿ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ದ್ರಾವಣವನ್ನು ಎಲೆಯ ತಾಪಕ್ಕೆ ತಂದು, ಇಂಜೆಕ್ಟರ್ ವೇಗ ತಗ್ಗಿಸಿದ ಮೇಲೆ ಇವೆರಡೂ ಬೇರೆಬೇರೆಯಾಗಿ ಕಂಡವು. ಕತ್ತರಿಸಿದ ಗಾಯವೂ ಕ್ಯಾಲ್ಸಿಯಂ ಎಬ್ಬಿಸುತ್ತದೆ, ಹಾಗಾಗಿ ಚೂರುಗಳಿಗೆ ರಾತ್ರಿಯಿಡೀ ವಿಶ್ರಾಂತಿ ಬೇಕೇ ಬೇಕು. ಅನುಮಾನ ಪಟ್ಟವರಿಗೆ, ಫ್ಲೆಗ್22 ಗುರುತಿಸುವ ಎಫ್‌ಎಲ್‌ಎಸ್2 ಗ್ರಾಹಕ ಇಲ್ಲದ ಗಿಡದ ಗೆರೆ ತೋರಿಸಿದೆ. ಹನಿಯ ಚಿಮ್ಮು ಮಾತ್ರ ಇತ್ತು, ಎರಡನೇ ಏರಿಕೆ ಇರಲೇ ಇಲ್ಲ. ಅಲ್ಲಿಗೆ ವಾದ ನಿಂತಿತು.

ದುಡ್ಡೆಲ್ಲ ಹೋಗುವುದು ಎಕೋರಿನ್ ಬೆಳಗಲು ಬೇಕಾದ ಸೀಲೆಂಟರಜಿನ್‌ಗೆ. ಹತ್ತು ಮೈಕ್ರೋಮೋಲಾರ್‌ನಿಂದ ಐದಕ್ಕೆ ಇಳಿಸಿದೆ, ವೆಲ್‌ನ ದ್ರಾವಣವನ್ನೂ ಕಡಿಮೆ ಮಾಡಿದೆ. ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಬೆಳಕು ಕಡಿಮೆಯಾದರೂ ಚಿಂತೆಯಿಲ್ಲ, ಕೊನೆಗೆ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಎಥನಾಲ್ ಸುರಿದು ಉಳಿದ ಎಕೋರಿನ್ ಬೆಳಕನ್ನೆಲ್ಲ ಖಾಲಿ ಮಾಡಿಸಿ ಆ ಲೆಕ್ಕದಿಂದಲೇ ಭಾಗಿಸುತ್ತೇವಲ್ಲ. ಅಷ್ಟು ಕಡಿಮೆ ಸೀಲೆಂಟರಜಿನ್ ಎಲ್ಲ ಚೂರುಗಳಿಗೂ ಸಮನಾಗಿ ಇಳಿಯುವಂತೆ ಮಾಡುವ ಉಪಾಯ ಒಂದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಲ್ಯಾಂಥನಂ ಕೊಟ್ಟು ಕ್ಯಾಲ್ಸಿಯಂ ಒಳಬರುವ ಚಾನೆಲ್ ಮುಚ್ಚಿ ನೋಡಿದೆ. ಗಿಡ ಬೆಳೆಸುವ ಎಂಎಸ್ ಮಾಧ್ಯಮದಲ್ಲಿ ಅದು ಕೆಲಸಕ್ಕೆ ಬರಲ್ಲ, ಫಾಸ್ಫೇಟ್ ಜೊತೆ ಸೇರಿ ತಳಕ್ಕಿಳಿಯುತ್ತದೆ. ಫಾಸ್ಫೇಟ್ ಇಲ್ಲದ ಬಫರ್‌ನಲ್ಲಿ ಏರಿಕೆ ಚೆನ್ನಾಗಿ ಅಡಗಿತು. ಅಲ್ಲಿಂದ ಸಿಎನ್‌ಜಿಸಿ2, ಸಿಎನ್‌ಜಿಸಿ4 ಚಾನೆಲ್‌ಗಳ ಕಡೆ ಹೊರಳಿದೆ. ಬಿಕ್1 ಕೈನೇಸ್ (ಬೇರೆ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ಇವನ್ನು ತೆರೆಸುವ ಸಂಗತಿ 2019ರಲ್ಲೇ ಬಂದಿದೆ. ಈ ಚಾನೆಲ್‌ಗಳ ಜೀನ್ ಕೆಟ್ಟ ಗಿಡಗಳನ್ನು ಅಳೆಯುವವರು ಬಫರ್‌ನಲ್ಲಿ ಎಷ್ಟು ಕ್ಯಾಲ್ಸಿಯಂ ಇದೆ ಅನ್ನೋದನ್ನು ಮೊದಲು ನೋಡಿ. ಅದು ತೀರಾ ಕಡಿಮೆಯಿದ್ದರೆ, ಕೆಟ್ಟ ಗಿಡಕ್ಕೂ ಸರಿಯಿರುವ ಗಿಡಕ್ಕೂ ವ್ಯತ್ಯಾಸವೇ ಕಾಣದೆ ಹೋಗಬಹುದು. ನಾನು ಒಂದೂವರೆ ಮಿಲಿಮೋಲಾರ್ ಸುತ್ತಮುತ್ತ ಇಡುತ್ತೇನೆ.