ಮಿನಿ ಪಿಕಪ್‌ಗೆ ರ‍್ಯಾಕು, ಟೂಲ್ ಬಾಕ್ಸು: ಗಟ್ಟಿ ಇರಬೇಕಾದ್ದು ಎಲ್ಲಿ?

ಪ್ಲಂಬರ್, ಎಲೆಕ್ಟ್ರಿಷಿಯನ್, ಸಿಸಿಟಿವಿ ಹಾಕುವವರು, ಯಾರ ಮಿನಿ ಪಿಕಪ್ ನೋಡಿದರೂ ಹಿಂದೆ ಹೆಚ್ಚುಕಮ್ಮಿ ಒಂದೇ ಕಥೆ. ಪೈಪಿನ ಕಟ್ಟು ಓರೆಯಾಗಿ ಮಲಗಿರುತ್ತದೆ. ಅದರ ತುದಿ ಹಿಂದಿನ ಡೋರಿನ ಆಚೆ ಕುಣಿಯುತ್ತಿರುತ್ತದೆ, ತುದಿಗೊಂದು ಕೆಂಪು ಬಟ್ಟೆ. ಡ್ರಿಲ್ ಮಷಿನ್ನು, ಗ್ರೈಂಡರು ಕಳುವಾಗುವ ಭಯಕ್ಕೆ ಕ್ಯಾಬಿನ್ನಿನ ಸೀಟ್ ಮೇಲೆ ಕೂತಿರುತ್ತವೆ. ಹೆಲ್ಪರ್ ಹುಡುಗ ಕಾಲು ಎಲ್ಲಿಡುವುದು ಅಂತ ಹುಡುಕುತ್ತಿರುತ್ತಾನೆ.

ಇದಕ್ಕೆ ಮದ್ದು ಒಂದು ರ‍್ಯಾಕು, ಒಂದು ಬೀಗದ ಪೆಟ್ಟಿಗೆ. ವೆಲ್ಡಿಂಗ್ ಶಾಪಿಗೆ ಹೋದರೆ ಬೇಗ ಮಾಡಿಕೊಡುತ್ತಾರೆ. ಆದರೆ ಎಷ್ಟೋ ಕಡೆ ನಾಲ್ಕು ಕಂಬ ನಿಲ್ಲಿಸಿ ಸೀದಾ ಗಾಡಿಯ ಬಾಡಿಗೇ ವೆಲ್ಡ್ ಹೊಡೆದುಬಿಡುತ್ತಾರೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕಂಬದ ಬುಡದಲ್ಲಿ ತುಕ್ಕು, ಅದರ ಸುತ್ತ ತಗಡಿನಲ್ಲಿ ಬಿರುಕು. ರ‍್ಯಾಕ್ ಕೈಕೊಡುವುದು ಪೈಪ್ ಮುರಿದು ಅಲ್ಲ, ಅದು ಕೂತ ತೆಳು ತಗಡು ಹರಿದು. ಅದಕ್ಕೇ ಈ ಲೇಖನದಲ್ಲಿ ಜಾಸ್ತಿ ಜಾಗ ಬುಡಕ್ಕೆ, ಕಮ್ಮಿ ಜಾಗ ಮೇಲಿನ ಅಂದಕ್ಕೆ.

ಮೊದಲು ಟೇಪು ಹಿಡಿಯಿರಿ

ಟಾಟಾ ಏಸ್ ಆಗಲಿ, ಮಾರುತಿ ಸೂಪರ್ ಕ್ಯಾರಿ ಆಗಲಿ, ಗಾಡಿಯ ಪೂರ್ತಿ ಉದ್ದ ಸುಮಾರು 3.8 ಮೀಟರ್. ಹಿಂದಿನ ಬಾಡಿ ಸುಮಾರು 2.2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಮಾಡೆಲ್‌ನಿಂದ ಮಾಡೆಲ್‌ಗೆ ವ್ಯತ್ಯಾಸ ಇರುತ್ತದೆ, ನಿಮ್ಮದನ್ನು ನೀವೇ ಅಳೆಯಿರಿ.

ಕರೆಂಟ್ ಕೆಲಸದ ಕಾಂಡ್ಯೂಟ್ ಪೈಪ್ 3 ಮೀಟರ್ ಬರುತ್ತದೆ. ನೀರಿನ ಲೈನಿಗೆ ಹಾಕುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಕೂಡ 3 ಮೀಟರ್ ಲೆಂತಿನಲ್ಲಿ ಸಿಗುತ್ತದೆ. ಬಾಡಿಯ ನೆಲದ ಮೇಲೆ ಇಟ್ಟರೆ 80 ಸೆಂಟಿಮೀಟರ್ ಹೊರಗೆ ಚಾಚುತ್ತದೆ. ಅದನ್ನೇ ಕ್ಯಾಬಿನ್ನಿನ ತಲೆಗಿಂತ ಎತ್ತರದ ರ‍್ಯಾಕಿನ ಮೇಲೆ ಇಟ್ಟರೆ? 2.2 ಮೀಟರ್ ಬಾಡಿಯ ಮೇಲೆ, ಉಳಿದ 80 ಸೆಂಟಿಮೀಟರ್ ಕ್ಯಾಬಿನ್ನಿನ ಮೇಲೆ. ಮುಂದೂ ಚಾಚಲಿಲ್ಲ, ಹಿಂದೂ ಚಾಚಲಿಲ್ಲ. ರ‍್ಯಾಕಿನ ಎತ್ತರ ತೀರ್ಮಾನ ಆಗಬೇಕಾದ್ದು ಈ ಲೆಕ್ಕದಿಂದ. ಕ್ಯಾಬಿನ್ ಮೇಲ್ಮೈಗಿಂತ ನಾಲ್ಕು ಬೆರಳು ಮೇಲಿರಲಿ ಸಾಕು. ಹಂಪ್ ಹಾರಿದಾಗ ಪೈಪ್ ಬಾಗಿ ಕ್ಯಾಬಿನ್ನಿಗೆ ಬಡಿಯಬಾರದು, ಅಷ್ಟೇ. ಇನ್ನೂ ಎತ್ತರಿಸಿದರೆ ಗಾಡಿ ತಿರುವಿನಲ್ಲಿ ವಾಲುತ್ತದೆ.

6 ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಮಾತ್ರ ಈ ಗಾಡಿಯಲ್ಲಿ ಒಯ್ಯುವ ಯೋಚನೆ ಬಿಟ್ಟುಬಿಡಿ. ಅಂಗಡಿಯಲ್ಲೇ ಎರಡು ತುಂಡು ಮಾಡಿಸಿ, ಇಲ್ಲವೇ ಸೈಟಿಗೇ ತರಿಸಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಸಾಮಾನು ಮಿತಿ ಮೀರಿ ಹೊರಚಾಚಿದರೆ ಕಲಂ 194(1ಎ) ಪ್ರಕಾರ 20,000 ರೂಪಾಯಿ ದಂಡ ಇದೆ. ಸಾಮಾನು ಇಳಿಸುವ ಖರ್ಚೂ ನಿಮ್ಮದೇ. ಕೆಂಪು ಬಟ್ಟೆ ಕಟ್ಟಿದ್ದೇನಲ್ಲ ಸಾರ್ ಅಂದರೆ ನಡೆಯುವುದಿಲ್ಲ.

ಕಾನೂನಿನ ಮಾತು ಬಂದಿದ್ದಕ್ಕೆ ಇನ್ನೊಂದು. ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಕಲಂ 52ರ ಕಡಿವಾಣ ಇದೆ. ಕೆಲಸ ಶುರು ಮಾಡುವ ಮುಂಚೆ ಸ್ಕೆಚ್ ಹಿಡಿದು ಆರ್‌ಟಿಓ ಕಚೇರಿಯಲ್ಲಿ ಕೇಳಿಬಿಡಿ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ. ಬೋಲ್ಟ್ ಹಾಕಿದ ರ‍್ಯಾಕನ್ನು ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋಗುವಾಗ ಬಿಚ್ಚಬೇಕಾದರೂ ಬಿಚ್ಚಬಹುದು. ವೆಲ್ಡ್ ಮಾಡಿದ್ದನ್ನು ಕತ್ತರಿಸಬೇಕು.

ಏನೇನು ಬೇಕು

ಕಂಬಕ್ಕೂ ಅಡ್ಡಪಟ್ಟಿಗೂ ಒಂದೂವರೆ ಇಂಚಿನ, ಅಂದರೆ ಸುಮಾರು 40 ಮಿ.ಮೀ. ಸ್ಕ್ವೇರ್ ಪೈಪ್, 2 ಮಿ.ಮೀ. ದಪ್ಪದ್ದು. ಕಬ್ಬಿಣದ ಅಂಗಡಿಯಲ್ಲಿ 20 ಅಡಿ ಲೆಂತ್ ಲೆಕ್ಕದಲ್ಲಿ ಕೊಡುತ್ತಾರೆ, ಮೂರು ಲೆಂತ್ ತಂದರೆ ಚೂರು ಉಳಿಯುತ್ತದೆ. ಅಂಗಡಿಯವರು '3 ಎಂಎಂ ತಗೊಳ್ಳಿ, ಗಟ್ಟಿ' ಅನ್ನಬಹುದು. ಬೇಡ. ರ‍್ಯಾಕಿಗೆ ಸುಮಾರು 14 ಮೀಟರ್ ಪೈಪ್ ಹೋಗುತ್ತದೆ. 2 ಮಿ.ಮೀ. ಆದರೆ 33 ಕೆ.ಜಿ., 3 ಮಿ.ಮೀ. ಆದರೆ 48 ಕೆ.ಜಿ. ಹತ್ತಿರ. ಆ 15 ಕೆ.ಜಿ.ಯನ್ನು ಗಾಡಿ ಇರುವಷ್ಟು ದಿನ ಡೀಸೆಲ್ ಸುಟ್ಟು ಹೊರಬೇಕು, ಅದೂ ತಲೆಯ ಮೇಲೆ.

ಜೊತೆಗೆ ಕಂಬದ ಬುಡಕ್ಕೆ 6 ಮಿ.ಮೀ. ಪ್ಲೇಟು, ಎಂ10 (10 ಮಿ.ಮೀ. ದಪ್ಪದ) ಅಳತೆಯ 8.8 ಗ್ರೇಡಿನ ಗಟ್ಟಿ ಬೋಲ್ಟು, ನೈಲಾಕ್ ನಟ್ಟು (ಸಡಿಲ ಆಗದಂತೆ ಒಳಗೆ ನೈಲಾನ್ ಬಳೆ ಇರುವುದು), ಅಗಲ ವಾಷರು, ಪ್ರೈಮರು, ಸೀಲೆಂಟು. ಬೋಲ್ಟಿನ ತಲೆಯ ಮೇಲೆ 8.8 ಅಂತ ಅಚ್ಚು ಇದೆಯಾ ನೋಡಿ ತೆಗೆದುಕೊಳ್ಳಿ. ಬೆಂಗಳೂರಿನವರಾದರೆ ಎಸ್.ಪಿ. ರೋಡ್ ಸುತ್ತಿದರೆ ಸಿಗುತ್ತದೆ. ಬೇರೆ ಊರುಗಳಲ್ಲಿ ಇಂಡಸ್ಟ್ರಿಯಲ್ ಏರಿಯಾ ಪಕ್ಕದ ನಟ್-ಬೋಲ್ಟ್ ಅಂಗಡಿ ಹುಡುಕಿ. ಪೇಂಟ್ ಅಂಗಡಿಯ ಸಾದಾ ಬೋಲ್ಟ್ ಈ ಕೆಲಸಕ್ಕಲ್ಲ.

ಬುಡ

ಗಾಡಿಯ ಕೆಳಗೆ ನುಗ್ಗಿ, ಟಾರ್ಚ್ ಹಿಡಿದು ನೋಡಿ. ಬಾಡಿಯ ತಗಡಿನ ಕೆಳಗೆ ಅಡ್ಡಡ್ಡಕ್ಕೆ ಕಬ್ಬಿಣದ ಪಟ್ಟಿಗಳಿರುತ್ತವೆ. ಕಂಬ ಆ ಪಟ್ಟಿಗೆ ಆದಷ್ಟು ಹತ್ತಿರ ಬರಲಿ. ಬ್ರೇಕ್ ಪೈಪ್, ವೈರು, ಡೀಸೆಲ್ ಟ್ಯಾಂಕ್ ಎಲ್ಲಿ ಹಾದಿವೆ ಅಂತ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಚಾಸಿಗೆ ಮಾತ್ರ ತೂತು ಕೊರೆಯಲೇಬೇಡಿ. ಸಿಎನ್‌ಜಿ ಅಥವಾ ಎಲೆಕ್ಟ್ರಿಕ್ ಗಾಡಿಯಾದರೆ ಸರ್ವಿಸ್ ಸೆಂಟರಿನವರನ್ನು ಕೇಳದೆ ಡ್ರಿಲ್ ಮುಟ್ಟಬೇಡಿ. ಕೆಳಗಿರುವುದು ಗ್ಯಾಸ್ ಸಿಲಿಂಡರೋ ಬ್ಯಾಟರಿಯೋ ಆಗಿರಬಹುದು.

ಪಕ್ಕದ ಡೋರುಗಳಿಗೆ ಕಂಬ ಕೂರಿಸುವ ಆಸೆಯೂ ಬೇಡ. ಅವು ಕೊಂಡಿಯ ಮೇಲೆ ನಿಂತ ಹಗುರ ತಗಡುಗಳು. ಕ್ಯಾಬಿನ್ನಿಗಂತೂ ರ‍್ಯಾಕನ್ನು ಕಟ್ಟಲೇಬಾರದು. ಕ್ಯಾಬಿನ್ ಬೇರೆ, ಬಾಡಿ ಬೇರೆ. ಗುಂಡಿ ಬಿದ್ದ ರಸ್ತೆಯಲ್ಲಿ ಎರಡೂ ಅವವುಗಳ ಪಾಡಿಗೆ ಅಲ್ಲಾಡುತ್ತವೆ. ಎರಡನ್ನೂ ಸೇರಿಸಿ ಬಿಗಿದರೆ ಎಲ್ಲೋ ಒಂದು ಕಡೆ ಹರಿಯುತ್ತದೆ. ನಡುವೆ ಎರಡು ಇಂಚು ಗ್ಯಾಪ್ ಬಿಡಿ.

ಈಗ ನೆಲವನ್ನು ಬೆರಳಾಡಿಸಿ ನೋಡಿ. ಸಪಾಟಾಗಿಲ್ಲ, ಏಣು ಏಣಾಗಿದೆ ಅಲ್ವಾ? ಪ್ಲೇಟನ್ನು ಎರಡು ಏಣಿನ ಮೇಲೆ ಇಟ್ಟು ಬೋಲ್ಟ್ ಬಿಗಿದರೆ, ಕೆಳಗಿನ ಟೊಳ್ಳು ಕುಸಿದು ಏಣು ಚಪ್ಪಟೆಯಾಗುತ್ತದೆ. ಬೋಲ್ಟ್ ಬಿಗಿಯಾದ ಹಾಗೆ ಅನ್ನಿಸುತ್ತದೆ, ವಾರದಲ್ಲಿ ಸಡಿಲ. ಅದಕ್ಕೆ ಏಣುಗಳ ನಡುವಿನ ತಗ್ಗಿಗೆ ಅದೇ ಎತ್ತರದ ಕಬ್ಬಿಣದ ಪಟ್ಟಿ ಕತ್ತರಿಸಿ ತುಂಬಿ, ಆಮೇಲೆ ಪ್ಲೇಟ್ ಕೂರಿಸಿ. ಬೋಲ್ಟ್ ಹಾದುಹೋಗಬೇಕಾದ್ದು ಈ ತುಂಬಿದ ಜಾಗದಲ್ಲೇ.

ತಗಡಿನ ಕೆಳಗಡೆ ಇನ್ನೊಂದು ಪ್ಲೇಟ್, ಮೇಲಿನದಕ್ಕಿಂತ ಸ್ವಲ್ಪ ದೊಡ್ಡದು. ಇದು ಇಲ್ಲದಿದ್ದರೆ ಉಳಿದದ್ದೆಲ್ಲ ದಂಡ. ಬರೀ ವಾಷರ್ ಹಾಕಿದರೆ ಭಾರವೆಲ್ಲ ಎಂಟಾಣೆ ಅಗಲದ ತಗಡಿನ ಮೇಲೆ ಬೀಳುತ್ತದೆ.

ಒಬ್ಬರೇ ಕೆಲಸ ಮಾಡುವವರಿಗೆ ಒಂದು ಉಪಾಯ. ಕೆಳಗಿನ ಪ್ಲೇಟಿಗೆ ಬೋಲ್ಟುಗಳನ್ನು ಮೊದಲೇ ತೂರಿಸಿ, ತಲೆಗೆ ಮಾತ್ರ ಸಣ್ಣ ಟ್ಯಾಕ್ ವೆಲ್ಡ್, ಅಂದರೆ ಒಂದು ಚುಕ್ಕೆಯಷ್ಟು ವೆಲ್ಡ್, ಹಾಕಿಸಿ. ಗಾಡಿಯಿಂದ ದೂರದಲ್ಲಿ, ಬೆಂಚಿನ ಮೇಲೆ. ಆ ಪ್ಲೇಟನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿದರೆ ಮೇಲೆ ನಿಂತು ನಟ್ ತಿರುಗಿಸುವುದಷ್ಟೇ ಬಾಕಿ. ಕೆಳಗೊಬ್ಬ ಸ್ಪ್ಯಾನರ್ ಹಿಡಿದು ಮಲಗುವುದು ಬೇಕಿಲ್ಲ.

ತೂತಿಗೆ ಮೊದಲು 4 ಮಿ.ಮೀ. ಬಿಟ್, ಆಮೇಲೆ 11. ಅಂಚನ್ನು ಅರದಿಂದ ಉಜ್ಜಿ, ಬರಿಗಬ್ಬಿಣ ಕಂಡ ಕಡೆ ಪ್ರೈಮರ್ ಹಚ್ಚಿ ಒಣಗಲು ಬಿಡಿ. ಕೊರೆದಾಗ ಉದುರುವ ಕಬ್ಬಿಣದ ಚೂರನ್ನು ಆಯಸ್ಕಾಂತದಿಂದ ಪೂರ್ತಿ ಎತ್ತಿ. ಒಂದು ರಾತ್ರಿ ಮಳೆ ಬಿದ್ದರೆ ಪ್ರತಿ ಚೂರೂ ಪೇಂಟಿನ ಮೇಲೆ ಕಂದು ಚುಕ್ಕೆ ಬಿಟ್ಟಿರುತ್ತದೆ. ಮಂಗಳೂರು, ಕಾರವಾರದ ಕಡೆಯವರಿಗೆ ಇದನ್ನು ಹೇಳಿಕೊಡುವುದೇ ಬೇಡ.

ಮೇಲಿನ ಕಟ್ಟಡ

ಇದು ಸುಲಭ. ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಹೀಗೆ ಎರಡು ಚೌಕಟ್ಟು. ಒಂದು ಕ್ಯಾಬಿನ್ ಹಿಂದೆ, ಇನ್ನೊಂದು ಹಿಂದಿನ ಡೋರಿನ ಹತ್ತಿರ. ಎರಡನ್ನೂ ಜೋಡಿಸುವ ಉದ್ದಪಟ್ಟಿ ಎಡಬಲಕ್ಕೆ ಒಂದೊಂದು.

ಬ್ರೇಕ್ ಹೊಡೆದಾಗ ಏನಾಗುತ್ತದೆ ಅನ್ನುವುದನ್ನು ಮಾತ್ರ ಯೋಚಿಸಿ. ಸಾಮಾನು ಬಿಗಿಯುವ ಯೂರೋಪಿನ ನಿಯಮದಲ್ಲಿ ಮುಂದಕ್ಕೆ ತಳ್ಳುವ ಬಲವನ್ನು ಸಾಮಾನಿನ ತೂಕದ ಶೇ 80 ಎಂದು ಹಿಡಿಯುತ್ತಾರೆ, ಹಿಂದಕ್ಕೂ ಪಕ್ಕಕ್ಕೂ ಶೇ 50. ಅಂದರೆ ಓರೆ ಸಪೋರ್ಟ್ ಮುಖ್ಯವಾಗಿ ಬೇಕಾದ್ದು ಉದ್ದಕ್ಕೆ. ಪ್ರತಿ ಕಂಬದಿಂದ ಉದ್ದಪಟ್ಟಿಗೆ ಒಂದೂವರೆ ಅಡಿಯ ಓರೆ ಪೈಪ್ ಕೊಡಿ. ಅಗಲಕ್ಕೆ ಮೂಲೆಯಲ್ಲಿ ತ್ರಿಕೋನದ ಪ್ಲೇಟ್ ಸಾಕು.

ಸ್ಕ್ವೇರ್ ಪೈಪನ್ನು ಅಡ್ಡಕ್ಕೆ ಕೊರೆದು ಬೋಲ್ಟ್ ಹಾಕುವ ಕಡೆ, ಪೈಪಿನ ಒಳಗೆ ಬೋಲ್ಟ್ ಸುತ್ತ ಸಣ್ಣ ಕೊಳವೆಯ ಬುಷ್ ಇಡಿ. ಇಲ್ಲದಿದ್ದರೆ ಬಿಗಿದಷ್ಟೂ ಪೈಪ್ ಒಳಕ್ಕೆ ಅದುಮಿಕೊಳ್ಳುತ್ತದೆ. ಕಂಬದ ಮೇಲ್ತುದಿಗೆ ಮುಚ್ಚಳ, ಬುಡದಲ್ಲಿ ನೀರು ಇಳಿಯಲು ಸಣ್ಣ ತೂತು.

ಅಡ್ಡಪಟ್ಟಿಯ ತುದಿಗಳಲ್ಲಿ 10 ಮಿ.ಮೀ. ರಾಡ್ ಬಗ್ಗಿಸಿ ಕೊಂಡಿ ವೆಲ್ಡ್ ಮಾಡಿಸಿ, ಬೆಲ್ಟ್ ಕಟ್ಟಲು. ಪಟ್ಟಿಯ ಮೇಲೆ ಹಳೇ ಸೈಕಲ್ ಟ್ಯೂಬ್ ಸೀಳಿ ಸುತ್ತಿ. ಏಣಿ ಜಾರುವುದೂ ನಿಲ್ಲುತ್ತದೆ, ಲಟಪಟ ಸದ್ದೂ ನಿಲ್ಲುತ್ತದೆ. ಪೈಪಿನ ಕಟ್ಟು ಬೆಲ್ಟಿನ ಒಳಗಿಂದಲೇ ಮುಂದಕ್ಕೆ ಜಾರಬಲ್ಲದು. ಆದ್ದರಿಂದ ಬೆಲ್ಟನ್ನು ಕಟ್ಟಿನ ಸುತ್ತ ಒಂದು ಪೂರ್ತಿ ಸುತ್ತು ಸುತ್ತಿ ಆಮೇಲೆ ಎಳೆಯಿರಿ, ಎರಡು ಕಡೆ. ಸುಮ್ನೆ ಮೇಲಿಂದ ಹಾಯಿಸಿದ ಬೆಲ್ಟು ಸಾಲದು.

ಸಿಮೆಂಟ್ ಮೂಟೆ, ಟೈಲ್ಸ್ ಬಾಕ್ಸ್, ಮೋಟಾರ್ ಪಂಪ್, ಇವು ರ‍್ಯಾಕಿನ ಮೇಲಲ್ಲ, ನೆಲದ ಮೇಲೆ.

ಪೆಟ್ಟಿಗೆ

ಕ್ಯಾಬಿನ್ ಹಿಂದೆ, ಅಗಲಕ್ಕೆ ಅಡ್ಡಲಾಗಿ ಕೂರಿಸಿ. ನಾಲ್ಕೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರ ಇದ್ದರೆ ಧಾರಾಳ. 16 ಗೇಜ್ (ಸುಮಾರು 1.6 ಮಿ.ಮೀ. ದಪ್ಪದ) ತಗಡಿನಲ್ಲಿ ಮಾಡಿಸಿದರೆ ಖಾಲಿ ಪೆಟ್ಟಿಗೆಯೇ 35 ಕೆ.ಜಿ. ದಾಟುತ್ತದೆ. ರ‍್ಯಾಕೂ ಸೇರಿ 70 ಕೆ.ಜಿ. ಆಯಿತು. 750 ಕೆ.ಜಿ. ಆಸುಪಾಸು ಹೊರುವ ಗಾಡಿಯಲ್ಲಿ ಅಷ್ಟು ಪಾಲು ಸಾಮಾನು ತುಂಬುವ ಮೊದಲೇ ಹೋಯಿತು ಅಂತ ನೆನಪಿರಲಿ.

ಹಿಂದಿನ ಗಾಜಿಗೆ ಪೆಟ್ಟಿಗೆ ಅಡ್ಡ ಬರಬಾರದು. ರ‍್ಯಾಕಿನ ಮೇಲೆ ಸಾಮಾನು ಇದ್ದಾಗಲೂ ಮುಚ್ಚಳ ಪೂರ್ತಿ ತೆರೆಯುತ್ತದಾ ಅಂತ ರಟ್ಟಿನ ಅಳತೆ ಇಟ್ಟು ನೋಡಿ. ಪಕ್ಕದ ಡೋರ್ ಇಳಿಯುವ ಗಾಡಿಯಾದರೆ ಪೆಟ್ಟಿಗೆಗೆ ಎಡಬದಿಯಲ್ಲಿ ಬಾಗಿಲು ಇಡಿಸುವುದೇ ವಾಸಿ. ರಸ್ತೆ ಬದಿ ನಿಂತು, ಗಾಡಿ ಹತ್ತದೆ ಸ್ಪ್ಯಾನರ್ ತೆಗೆಯಬಹುದು.

ನೆಲಕ್ಕೆ ತಾಗಿಸಬೇಡಿ. ಒಂದು ಇಂಚಿನ ಎರಡು ಪಟ್ಟಿಯ ಮೇಲೆ ಎತ್ತಿ ಕೂರಿಸಿದರೆ ಮಳೆನೀರು, ಮರಳು ಕೆಳಗಿಂದ ಹರಿದು ಹೋಗುತ್ತದೆ. ಬೋಲ್ಟಿಗೆ ಮತ್ತೆ ಆ ಟ್ಯಾಕ್ ಮಾಡಿದ ಪ್ಲೇಟಿನ ಉಪಾಯವೇ. ಇಲ್ಲಿ ಅದರ ಇನ್ನೊಂದು ಲಾಭ ಇದೆ. ನಟ್ಟುಗಳು ಬೀಗದ ಒಳಗೆ ಉಳಿಯುತ್ತವೆ. ಕಳ್ಳ ಗಾಡಿಯ ಕೆಳಗೆ ನುಗ್ಗಿದರೂ ಸ್ಪ್ಯಾನರ್ ಹಾಕಲು ಏನೂ ಸಿಗುವುದಿಲ್ಲ.

ಸಾಲ್ವೆಂಟ್ ಸಿಮೆಂಟ್ ಡಬ್ಬಿ, ಥಿನ್ನರ್, ಬ್ಲೋ ಲ್ಯಾಂಪ್‌ನ ಗ್ಯಾಸ್ ಕ್ಯಾನ್ ಈ ಪೆಟ್ಟಿಗೆಯಲ್ಲಿ ಬೇಡ. ಏಪ್ರಿಲ್ ಬಿಸಿಲಿಗೆ ನಿಂತ ಮುಚ್ಚಿದ ತಗಡಿನ ಒಳಗೆ ಆವಿ ತುಂಬಿರುತ್ತದೆ. ಜೊತೆಗೆ ಕಾರ್ಡ್‌ಲೆಸ್ ಡ್ರಿಲ್‌ನ ಬ್ಯಾಟರಿಯೂ ಇದ್ದರೆ ಕೇಳುವುದೇ ಬೇಡ. ಅವುಗಳಿಗೆ ಗಾಳಿಯಾಡುವ ಕ್ರೇಟ್ ಬೇರೆ ಇಡಿ.

ಬಿಗಿತದ ಪರೀಕ್ಷೆ

ಎಂ10 ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಸುಮಾರು 45 ನ್ಯೂಟನ್ ಮೀಟರಿಗೆ ಬಿಗಿಯಿರಿ. ನಿಮ್ಮಲ್ಲಿ ಇಲ್ಲದಿದ್ದರೆ ಪರಿಚಯದ ಗ್ಯಾರೇಜಿನಲ್ಲಿ ಕೇಳಿ, ಕೊಡುತ್ತಾರೆ. ಆಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಕಂಬ ಹಿಡಿದು ಜೋರಾಗಿ ಅಲ್ಲಾಡಿಸಿ. ಕಂಬದ ಜೊತೆ ಇಡೀ ಗಾಡಿ ಸ್ಪ್ರಿಂಗಿನ ಮೇಲೆ ತೂಗಿದರೆ ಸರಿ, ಕಂಬ ಮಾತ್ರ ಅಲ್ಲಾಡಿ ಬುಡದ ತಗಡು ಟಕ್ ಟಕ್ ಅಂದರೆ ಕೆಳಗಿನ ಪ್ಲೇಟನ್ನು ಬಿಚ್ಚಿ ನೋಡಬೇಕು.

ಮೊದಲ ವಾರ ಖಾಲಿ ಏಣಿಯಷ್ಟೇ ಹೊತ್ತು ಓಡಿಸಿ, ಮತ್ತೆ ಗೆರೆಗಳನ್ನು ನೋಡಿ. ಗೆರೆ ಮುರಿದ ಕಡೆ ನಟ್ ತಿರುಗಿದೆ ಎಂದರ್ಥ. ಗೆರೆ ನೇರ ಇದ್ದೂ ಬಿಗಿ ಕಮ್ಮಿಯಾಗಿದ್ದರೆ ತಗಡು ಕುಸಿದಿದೆ, ತಗ್ಗಿಗೆ ತುಂಬಿದ ಪಟ್ಟಿಯನ್ನು ಸರಿ ಮಾಡಿ. ಆಮೇಲಿನ ತಪಾಸಣೆ ಪ್ರತಿ ಸರ್ವಿಸಿನ ಜೊತೆ, ಮೆಕ್ಯಾನಿಕ್ ಗಾಡಿಯನ್ನು ಹೇಗೂ ಮೇಲೆತ್ತಿರುತ್ತಾನೆ.