ಆಫ್ರಿಕನ್ ಗ್ರೇ ಮರಿಯ ಸಲುಗೆ ಗಳಿಸುವುದು: ನನ್ನ ಅನುಭವ

ಆಫ್ರಿಕನ್ ಗ್ರೇ ಎಂಬ ಬೂದು ಗಿಳಿಯ ಮರಿಯನ್ನು ಆರಿಸುವಾಗ ನಾನು ಮೊದಲು ನೋಡುವುದು ಅದು ಕೈಗೆ ಬರುತ್ತದೆಯೇ ಎಂದಲ್ಲ, ತಾನಾಗಿ ತಿನ್ನುತ್ತದೆಯೇ ಎಂದು. ಸಿರಿಂಜಿನಲ್ಲಿ ಗಂಜಿ ಕುಡಿಸಿ ಬೆಳೆಸಿದರೆ ಮಾತ್ರ ಗಿಳಿ ನಮ್ಮದಾಗುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿ ಉಳಿದಿದೆ. ಅದು ತಪ್ಪು, ಅಪಾಯಕಾರಿಯೂ ಹೌದು. ಗಂಜಿ ಸುಮಾರು 39ರಿಂದ 41 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ಇದಕ್ಕಿಂತ ಹೆಚ್ಚಾದರೆ ಗಂಟಲ ಚೀಲ ಸುಡುತ್ತದೆ, ಕಡಿಮೆಯಾದರೆ ಚೀಲ ಖಾಲಿಯಾಗದೆ ಒಳಗೇ ಹುಳಿಯುತ್ತದೆ, ಕೈ ತಪ್ಪಿ ಉಸಿರುನಾಳಕ್ಕೆ ಹೋದರೆ ಮರಿ ಉಳಿಯುವುದೇ ಕಷ್ಟ. ಸಾಕಣೆದಾರರ ಬಳಿಯೇ ಹಾರಲು ಕಲಿತು, ಗಂಜಿ ಬಿಟ್ಟು, ಕೆಲವು ವಾರ ಸ್ವಂತವಾಗಿ ತಿಂದು ತೂಕ ಉಳಿಸಿಕೊಂಡ ಮರಿಯೇ ಬೇಕು. ಆ ಹೊತ್ತಿಗೆ ಅದಕ್ಕೆ ಸಾಮಾನ್ಯವಾಗಿ 14ರಿಂದ 16 ವಾರ ಆಗಿರುತ್ತದೆ, ಕೆಲವಕ್ಕೆ ಇನ್ನೂ ಹೆಚ್ಚು. ಕಣ್ಣು ಕಪ್ಪಾಗಿದ್ದರೆ ಮರಿ ಎಳೆಯದು. ಮುಂದೆ ಅದು ಬೂದು ಬಣ್ಣಕ್ಕೆ ತಿರುಗಿ, ಒಂದೆರಡು ವರ್ಷದ ಹೊತ್ತಿಗೆ ತಿಳಿ ಹಳದಿಯಾಗುತ್ತದೆ.

ಕಾಲಿನ ಮುಚ್ಚಿದ ಉಂಗುರ (ಎಳೆಯದಿದ್ದಾಗಲೇ ತೊಡಿಸುವ, ಜೋಡಣೆಯಿಲ್ಲದ ಗುರುತಿನ ಬಳೆ) ಮತ್ತು ಸಾಕಣೆ ಕೇಂದ್ರದಲ್ಲೇ ಹುಟ್ಟಿದ್ದು ಎಂಬ ದಾಖಲೆ ಎರಡನ್ನೂ ಕೇಳಿ. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಸೇರಿದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಮ್ಮೇಳನ ಈ ಗಿಳಿಯನ್ನು ಮೊದಲನೇ ಅನುಬಂಧಕ್ಕೆ, ಅಂದರೆ ಅತಿ ಕಟ್ಟುನಿಟ್ಟಿನ ರಕ್ಷಣೆಯ ಪಟ್ಟಿಗೆ ಸೇರಿಸಿತು. ಕಾಡಿನಿಂದ ಹಿಡಿದು ತಂದ ಹಕ್ಕಿಗಳ ವ್ಯಾಪಾರ ಆಫ್ರಿಕಾದ ಎಷ್ಟೋ ಕಾಡುಗಳಲ್ಲಿ ಇವನ್ನು ಇಲ್ಲವಾಗಿಸಿದೆ. ದಾಖಲೆ ಕೊಡದವರ ಬಳಿ ಮರಿ ಎಷ್ಟೇ ಮುದ್ದಾಗಿದ್ದರೂ ಕೊಳ್ಳಬಾರದು.

ಹೊಸ ಜಾಗಕ್ಕೆ ಬಂದ ಮರಿ ಒಮ್ಮೊಮ್ಮೆ ಮತ್ತೆ ಹಸುಗೂಸಾಗುತ್ತದೆ: ತಲೆ ಕುಣಿಸುತ್ತದೆ, ರೆಕ್ಕೆ ಅದುರಿಸುತ್ತಾ ಗೋಗರೆಯುತ್ತದೆ. ಆಗ ಸಿರಿಂಜಿಗೆ ಹೋಗಬೇಡಿ. ಬಿಸಿನೀರಿನಲ್ಲಿ ನೆನೆಸಿ ಮೆತ್ತಗಾದ ಪೆಲೆಟ್ (ಗಿಳಿಗಳಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ) ಅಥವಾ ಬೇಯಿಸಿದ ಸಿಹಿಗೆಣಸನ್ನು ಉಗುರುಬೆಚ್ಚಗೆ, ಚಮಚದಲ್ಲಿ ಹಿಡಿಯಿರಿ. ಕೆಲವು ದಿನಗಳಲ್ಲಿ ಅದು ತಾನೇ ಬಿಡುತ್ತದೆ. ಗೋಗರೆತ ನಿಲ್ಲದೆ ತೂಕವೂ ಇಳಿಯುತ್ತಿದ್ದರೆ ಮರಿ ಇನ್ನೂ ಗಂಜಿ ಬಿಟ್ಟಿರಲಿಲ್ಲ ಎಂದೇ ಅರ್ಥ. ಅನುಭವಿಗಳ ಕೈಗೆ ಒಪ್ಪಿಸಬೇಕು.

ತೂಕ ಎಂದಾಗ ಹೇಳಲೇಬೇಕು, ಪಂಜರಕ್ಕಿಂತ ಮೊದಲು ಕೊಳ್ಳಬೇಕಾದದ್ದು ಒಂದು ಗ್ರಾಂ ನಿಖರತೆಯ ತಕ್ಕಡಿ. ಅದರ ಮೇಲೆ ಒಂದು ಗಿಡ್ಡ ಕೊಂಬೆ ಕೂರಿಸಿ, ಬೆಳಗಿನ ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮುಂಚೆ, ದಿನವೂ ತೂಗಿ ಬರೆದಿಡುತ್ತೇನೆ. ಗ್ರೇಗಳಲ್ಲಿ ಎರಡು ಬಗೆ: ಬೆಳೆದ ಕಾಂಗೋ ಗ್ರೇ ಸಾಮಾನ್ಯವಾಗಿ 400ರಿಂದ 550 ಗ್ರಾಂ, ಕಂದುಗೆಂಪು ಬಾಲದ ಟಿಮ್ನೆ ಅದಕ್ಕಿಂತ ಚಿಕ್ಕದು. ಆದರೆ ಮುಖ್ಯವಾದದ್ದು ನಿಮ್ಮ ಹಕ್ಕಿಯದೇ ಸರಾಸರಿ. ಶೇ. 10ರಷ್ಟು ಇಳಿದರೆ ಅದು ಎಷ್ಟೇ ಚುರುಕಾಗಿ ಕಂಡರೂ ಅದೇ ದಿನ ಪಕ್ಷಿವೈದ್ಯರ ಬಳಿ ಒಯ್ಯಬೇಕು, ಏಕೆಂದರೆ ಗಿಳಿಗಳು ಕಾಯಿಲೆಯನ್ನು ಕೊನೆಯ ಹಂತದವರೆಗೂ ಮುಚ್ಚಿಡುತ್ತವೆ. ಮೊದಲ ವಾರದಲ್ಲೇ ಒಮ್ಮೆ ತಪಾಸಣೆ ಮಾಡಿಸಿ, ಕೊಕ್ಕು-ಗರಿ ರೋಗ, ಪಾಲಿಯೋಮಾ ವೈರಸ್ ಮತ್ತು ಮನುಷ್ಯರಿಗೂ ಹರಡುವ ಕ್ಲಮಿಡಿಯಾ ಪರೀಕ್ಷೆಗಳನ್ನು ಮುಗಿಸಿಕೊಳ್ಳಿ. ಮನೆಯಲ್ಲಿ ಬೇರೆ ಹಕ್ಕಿಗಳಿದ್ದರೆ ಫಲಿತಾಂಶ ಬರುವವರೆಗೂ ಮರಿ ಬೇರೆ ಕೋಣೆಯಲ್ಲೇ ಇರಲಿ.

ಪಂಜರ ಕನಿಷ್ಠ 60 ಸೆಂ.ಮೀ. ಅಗಲ, 60 ಆಳ, 90 ಎತ್ತರ. ಸರಳುಗಳ ನಡುವೆ 2ರಿಂದ 2.5 ಸೆಂ.ಮೀ. ಸತು ಲೇಪಿಸಿದ ತಂತಿ ಬೇಡ, ಕಡಿದು ನುಂಗಿದರೆ ವಿಷ. ಗ್ರೇ ಮರಿಗಳು ಬೇರೆ ಗಿಳಿಮರಿಗಳಿಗಿಂತ ಹೆಚ್ಚು ಮುಗ್ಗರಿಸುತ್ತವೆ. ಹಾಗಾಗಿ ಮೊದಲ ತಿಂಗಳು ಕೂರುವ ಕೊಂಬೆಗಳನ್ನು ತಳದಿಂದ ಒಂದು ಗೇಣಿನಷ್ಟೇ ಎತ್ತರಕ್ಕೆ ಕಟ್ಟಿ, ಕೆಳಗೆ ದಪ್ಪ ಬಟ್ಟೆ ಹಾಸುತ್ತೇನೆ. ಕೊಂಬೆಗಳು ಒಂದೇ ದಪ್ಪ ಇರಬಾರದು, 2ರಿಂದ 4 ಸೆಂ.ಮೀ. ಒಳಗೆ ಬೇರೆಬೇರೆ ಇದ್ದರೆ ಪಾದಕ್ಕೆ ಒಳ್ಳೆಯದು. ಪಂಜರದ ಒಂದು ಬದಿ ಗೋಡೆಗೆ ತಾಗಿರಲಿ, ನಾಲ್ಕೂ ಕಡೆ ತೆರೆದಿದ್ದರೆ ಮರಿ ಸದಾ ಬೆದರಿರುತ್ತದೆ. ಅಡುಗೆಮನೆಯ ಹತ್ತಿರ ಮಾತ್ರ ಇಡಲೇಬೇಡಿ. ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಸಿಗರೇಟು, ಸುಗಂಧದ ಸ್ಪ್ರೇ ಕೂಡ ಅದರ ಶ್ವಾಸಕೋಶಕ್ಕೆ ಆಗದು. ರಾತ್ರಿ 10ರಿಂದ 12 ಗಂಟೆ ನಿದ್ದೆ ಬೇಕು. ಕತ್ತಲಲ್ಲಿ ಬೆಚ್ಚಿಬಿದ್ದು ಒದ್ದಾಡುವ ಮರಿಗೆ ಒಂದು ಮಂದ ದೀಪ ಇಟ್ಟರೆ ಸಾಕು.

ಇನ್ನು ಸಲುಗೆಯ ವಿಷಯ. ನನ್ನ ಮಟ್ಟಿಗೆ ಇಡೀ ಕೆಲಸ ನಿಂತಿರುವುದು ಒಂದೇ ಮಾತಿನ ಮೇಲೆ: ಮರಿ 'ಬೇಡ' ಎಂದಾಗ ಅದು ನಮಗೆ ಕೇಳಿಸಿತು ಎಂದು ಅದಕ್ಕೆ ಗೊತ್ತಾಗಬೇಕು.

ಗ್ರೇ 'ಬೇಡ' ಎನ್ನುವುದು ಕಚ್ಚುವುದಕ್ಕಿಂತ ಬಹಳ ಮೊದಲು. ಗರಿಗಳನ್ನು ಮೈಗೆ ಬಿಗಿಯಾಗಿ ಅಂಟಿಸಿಕೊಂಡು ಉದ್ದಕ್ಕೆ, ತೆಳ್ಳಗೆ ನಿಲ್ಲುತ್ತದೆ. ದೇಹವನ್ನು ಹಿಂದಕ್ಕೆ ವಾಲಿಸುತ್ತದೆ. ತಿನ್ನುತ್ತಿದ್ದುದನ್ನು ನಿಲ್ಲಿಸುತ್ತದೆ. ಆಮೇಲೆ ಗುರ್ ಎನ್ನುತ್ತದೆ. ಗ್ರೇ ಮರಿಯ ಗುರುಗುಟ್ಟುವಿಕೆ ಸಿಟ್ಟಲ್ಲ, ಶುದ್ಧ ಹೆದರಿಕೆ. ಇಷ್ಟಕ್ಕೂ ನಾವು ಕೈ ಹಿಂತೆಗೆಯದಿದ್ದರೆ ಕೊಕ್ಕು ಮಾತಾಡುತ್ತದೆ. 'ಹೆದರಬಾರದು, ಕೈಯನ್ನು ಹೊಟ್ಟೆಗೆ ಒತ್ತಿ ಹತ್ತಿಸಿಕೊಳ್ಳಿ' ಎಂದು ಸಲಹೆ ಕೊಡುವವರಿದ್ದಾರೆ. ಒತ್ತಿದರೆ ಸಮತೋಲ ತಪ್ಪಿ ಮರಿ ಹತ್ತುತ್ತದೆ, ನಿಜ. ಆದರೆ ಸಣ್ಣ ಸೂಚನೆಗಳಿಗೆ ಬೆಲೆಯಿಲ್ಲ ಎಂದೂ ಅಂದೇ ಕಲಿಯುತ್ತದೆ, ಮುಂದೆ ಸೂಚನೆ ಕೊಡದೆ ನೇರವಾಗಿ ಕಚ್ಚುತ್ತದೆ. 'ಏಕಾಏಕಿ ಕಚ್ಚುವ ಗಿಳಿ' ಎಂದು ಜನ ಕೈಬಿಡುವ ಹಕ್ಕಿಗಳಲ್ಲಿ ಬಹುಪಾಲು ಹೀಗೆ ತಯಾರಾದವು.

ನಾನು ಅನುಸರಿಸುವ ಕ್ರಮ ನಿಧಾನದ್ದು. ಮೊದಲ ದಿನಗಳಲ್ಲಿ ಪಂಜರದ ಪಕ್ಕ ಓರೆಯಾಗಿ ಕುಳಿತು, ನೆಟ್ಟ ನೋಟದಿಂದ ನೋಡದೆ, ಏನಾದರೂ ಗಟ್ಟಿಯಾಗಿ ಓದುತ್ತೇನೆ. ಪಂಜರದ ಬಳಿ ಹಾದುಹೋಗುವಾಗಲೆಲ್ಲ ಬಟ್ಟಲಿಗೆ ಒಂದು ಚೂರು ಬಾದಾಮಿ ಹಾಕಿ, ನಿಲ್ಲದೆ ಮುಂದೆ ನಡೆಯುತ್ತೇನೆ. ಚೂರು ಅಕ್ಕಿಕಾಳಿನಷ್ಟೇ ಇರಬೇಕು. ದೊಡ್ಡದಾದರೆ ತಿಂದು ಮುಗಿಸುವಷ್ಟರಲ್ಲಿ ಯಾಕೆ ಸಿಕ್ಕಿತೆಂಬುದೇ ಮರಿಗೆ ಮರೆತಿರುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ. ಹೆಜ್ಜೆ ಸಪ್ಪಳಕ್ಕೆ ಮರಿ ಬಟ್ಟಲಿನತ್ತ ಬರತೊಡಗಿದರೆ ಮುಂದಿನ ಹಂತ: ಸರಳಿನ ಸಂದಿಯಿಂದ ಕೈಯಲ್ಲೇ ಕೊಡುವುದು. ನಂತರ ಒಂದು ತೆಳು ಕಡ್ಡಿಯ ತುದಿ ತೋರಿಸುತ್ತೇನೆ. ಮರಿ ಕುತೂಹಲಕ್ಕೆ ಅದನ್ನು ಕೊಕ್ಕಿನಿಂದ ಮುಟ್ಟಿದ ಕ್ಷಣವೇ 'ಹೂಂ' ಎಂಬ ಒಂದೇ ಪದ, ಹಿಂದೆಯೇ ಬಾದಾಮಿ. ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋದರೆ ಅದನ್ನು ಹಿಂಬಾಲಿಸಿ ಮರಿ ಬಾಗಿಲವರೆಗೂ, ತಕ್ಕಡಿಯ ಮೇಲೂ ತಾನೇ ನಡೆದುಬರುತ್ತದೆ.

ಪಾಠ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ, ಊಟಕ್ಕೆ ಮುಂಚೆ. ಮರಿಗೆ ಇನ್ನೂ ಬೇಕೆನ್ನಿಸುತ್ತಿರುವಾಗಲೇ ನಿಲ್ಲಿಸಬೇಕು. ಕೈ ಹತ್ತಿಸುವಾಗ ಮುಂಗೈಯನ್ನು ಅದರ ಮುಂದೆ, ಪಾದದ ಮಟ್ಟಕ್ಕಿಂತ ತುಸು ಮೇಲೆ, ಮೈಗೆ ತಾಗದಂತೆ ಹಿಡಿದು ಕಾಯುತ್ತೇನೆ. ಒಂದು ಕಾಲು ಎತ್ತಿದರೂ ಅದಕ್ಕೇ ಬಹುಮಾನ. ಹಿಂದಕ್ಕೆ ವಾಲಿದರೆ ಕೈ ಅರ್ಧ ಗೇಣು ಹಿಂದಕ್ಕೆ. ಗರಿಗಳು ಸಡಿಲವಾದ ಮೇಲೆ ಮತ್ತೆ. ಹತ್ತುವ ಮೊದಲು ಕೊಕ್ಕಿನಿಂದ ಬೆರಳು ಹಿಡಿದು ನೋಡುತ್ತದೆ, ಕೊಂಬೆ ಗಟ್ಟಿಯಿದೆಯೇ ಎಂದು ಪರೀಕ್ಷಿಸುವಂತೆ. ಇದು ಕಚ್ಚುವುದಲ್ಲ. ಇಲ್ಲಿ ಬೆಚ್ಚಿ ಕೈ ಎಳೆದುಕೊಂಡರೆ ಬೀಳುವ ಭಯಕ್ಕೆ ನಿಜವಾಗಿಯೇ ಬಿಗಿಹಿಡಿಯುತ್ತದೆ, ನಾಳೆ ಆ ಕೈಯನ್ನು ನಂಬುವುದಿಲ್ಲ. ನಿಜವಾಗಿ ಕಚ್ಚಿದರೂ ಕೂಗಬಾರದು, ಕೊಕ್ಕಿಗೆ ತಟ್ಟಬಾರದು, ಕೈ ಕೊಡವಿ ಬೀಳಿಸಬಾರದು. ಸುಮ್ಮನೆ ಹತ್ತಿರದ ಕೊಂಬೆಗೆ ಇಳಿಸಿ, ಯಾವ ಸೂಚನೆ ತಪ್ಪಿಹೋಯಿತು ಎಂದು ಯೋಚಿಸಬೇಕು.

ಕತ್ತಿನ ಗರಿಗಳನ್ನು ಉಬ್ಬಿಸಿ ತಲೆ ಬಗ್ಗಿಸಿದರೆ ತುರಿಸು ಎಂದು ಕೇಳುತ್ತಿದೆ. ತಲೆ, ಕೆನ್ನೆ, ಕತ್ತು ಅಷ್ಟೇ ಮುಟ್ಟಿ. ಬೆನ್ನು ನೇವರಿಸುವುದು, ರೆಕ್ಕೆಯಡಿ ಕೈ ಹಾಕುವುದು ಗಿಳಿಗೆ ಜೋಡಿಯ ಸಲುಗೆ. ಮರಿಯಿರುವಾಗ ನಿರುಪದ್ರವಿಯಾಗಿ ಕಾಣುವ ಈ ಅಭ್ಯಾಸ ಪ್ರಾಯಕ್ಕೆ ಬಂದಾಗ ಹಟ, ಕಿರುಚಾಟ, ಗರಿ ಕಿತ್ತುಕೊಳ್ಳುವುದರಲ್ಲಿ ಮುಗಿಯುತ್ತದೆ. ಬಾಯಿಯಿಂದ ಬಾಯಿಗೆ ತಿನ್ನಿಸುವುದಂತೂ ಕೂಡದು, ನಮ್ಮ ಎಂಜಲಿನ ಬ್ಯಾಕ್ಟೀರಿಯಾ ಅದಕ್ಕೆ ರೋಗ.

ಗ್ರೇ ಒಬ್ಬರಿಗೇ ಅಂಟಿಕೊಳ್ಳುತ್ತದೆ ಎನ್ನುವ ಮಾತಿನಲ್ಲಿ ಸತ್ಯವಿದೆ, ಆದರೆ ಆ ಸ್ಥಿತಿಯನ್ನು ಬೆಳೆಸುವವರು ಮನೆಯವರೇ. ಬೆಳಗಿನ ಊಟ ಒಬ್ಬರು, ಸ್ನಾನ ಇನ್ನೊಬ್ಬರು, ಕಡ್ಡಿ ಪಾಠ ಮತ್ತೊಬ್ಬರು ಎಂದು ಮೊದಲ ವಾರದಿಂದಲೇ ಹಂಚಿಕೊಳ್ಳಿ. ಮರಿಗೆ ಅಚ್ಚುಮೆಚ್ಚಿನವರು ಬೇರೆಯವರ ಪಾಠದ ಹೊತ್ತಿಗೆ ಕೋಣೆಯಲ್ಲಿ ಇರಬಾರದು. ಹಾಗೆಯೇ, ಮೊದಲ ತಿಂಗಳು ಇಡೀ ದಿನ ಭುಜದ ಮೇಲಿಟ್ಟುಕೊಂಡು ಆಮೇಲೆ ಒಂದು ಗಂಟೆಗೆ ಇಳಿಸಬೇಡಿ. ಈ ಹಕ್ಕಿ 40ರಿಂದ 60 ವರ್ಷ ಬದುಕಬಲ್ಲದು. ವರ್ಷಗಟ್ಟಲೆ ನಡೆಸಿಕೊಂಡು ಹೋಗಬಹುದಾದ ದಿನಚರಿಯನ್ನೇ ಆರಂಭದಲ್ಲಿ ಹಾಕಿಕೊಳ್ಳಿ. ಒಂಟಿಯಾಗಿ ಆಡುವುದನ್ನೂ ಕಲಿಸಬೇಕಾಗುತ್ತದೆ: ಮೊದಲು ಪೆಲೆಟ್ ಬಟ್ಟಲಿನ ಮೇಲೆ ಒಂದು ಕಾಗದ ಮುಚ್ಚಿ, ಅದನ್ನು ಸರಿಸಲು ಕಲಿತ ಮೇಲೆ ಕಾಗದದ ಪೊಟ್ಟಣ ಕಟ್ಟಿ, ಕೊನೆಗೆ ಪೊಟ್ಟಣವನ್ನು ರಟ್ಟಿನ ಡಬ್ಬಿಯೊಳಗೆ ಹಾಕಿ. ಕಾಡಿನಲ್ಲಿ ಗಂಟೆಗಟ್ಟಲೆ ಆಹಾರ ಹುಡುಕುವ ಹಕ್ಕಿ ಇದು, ಬಟ್ಟಲು ಹತ್ತು ನಿಮಿಷದಲ್ಲಿ ಖಾಲಿಯಾದರೆ ಉಳಿದ ಹೊತ್ತು ತನ್ನ ಗರಿಗಳತ್ತ ತಿರುಗುತ್ತದೆ.

ಊಟದಲ್ಲಿ ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ ಪೆಲೆಟ್, ಉಳಿದದ್ದು ತರಕಾರಿ: ಕ್ಯಾರೆಟ್, ಸಿಹಿಗೆಣಸು, ಕೆಂಪು ದೊಣ್ಣೆಮೆಣಸು, ಬ್ರೊಕೊಲಿ, ಹಸಿರು ಸೊಪ್ಪು. ಹಣ್ಣು ಸ್ವಲ್ಪ. ಒದ್ದೆ ಆಹಾರವನ್ನು ಎರಡು ಮೂರು ಗಂಟೆಯೊಳಗೆ ತೆಗೆಯಬೇಕು. ಸೂರ್ಯಕಾಂತಿ ಬೀಜ ಬಹುಮಾನಕ್ಕೆ ಮಾತ್ರ. ಅದರಲ್ಲಿ ಕೊಬ್ಬು ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ, ವಿಟಮಿನ್ ಎ ಇಲ್ಲವೆನ್ನುವಷ್ಟು. ಗ್ರೇಗಳು ರಕ್ತದ ಕ್ಯಾಲ್ಸಿಯಂ ಕೊರತೆಗೆ ಬೇರೆ ಗಿಳಿಗಳಿಗಿಂತ ಬೇಗ ಬಲಿಯಾಗುತ್ತವೆ: ಕೊಂಬೆಯ ಮೇಲೆ ನಡುಕ, ಕಾರಣವಿಲ್ಲದೆ ಬೀಳುವುದು, ಕೊನೆಗೆ ಫಿಟ್ಸ್. ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ3 ಬೇಕು, ಅದಕ್ಕೆ ಯುವಿಬಿ ಬೆಳಕು (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಬೇಕು. ಕಿಟಕಿಯ ಗಾಜು ಆ ಬೆಳಕನ್ನು ತಡೆಯುತ್ತದೆ. ಹಾಗಾಗಿ ನೇರ ಬಿಸಿಲು ಸಿಗದಿದ್ದರೆ ಪಕ್ಷಿಗಳಿಗೆಂದೇ ಮಾಡಿದ ಯುವಿಬಿ ದೀಪ ಹಾಕಬೇಕು. ಅದು ಉರಿಯುತ್ತಿದ್ದರೂ ಕಾಲಕ್ರಮದಲ್ಲಿ ಯುವಿಬಿ ಸಾಯುತ್ತದೆ, ತಯಾರಕರು ಹೇಳಿದ ಅವಧಿಗೆ ಬದಲಿಸಿ. ಪೆಲೆಟ್ ತಿನ್ನುವ ಮರಿಗೆ ವೈದ್ಯರು ಹೇಳದೆ ಡಿ3 ಹನಿ ಸೇರಿಸಬೇಡಿ, ಹೆಚ್ಚಾದರೆ ಮೂತ್ರಪಿಂಡ ಹಾಳು. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಮದ್ಯ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ತಿಂಡಿ ಯಾವುದೂ ಬೇಡ.

ಮರಿಯ ರೆಕ್ಕೆ ಕತ್ತರಿಸುವುದಕ್ಕೆ ನಾನು ಖಂಡಿತ ವಿರೋಧಿ. ಹಾರಲು ಕಲಿಯುವ ಮುಂಚೆ ಕತ್ತರಿಸಿದರೆ ಇಳಿಯುವುದೇ ಗೊತ್ತಿಲ್ಲದ ಭಾರದ ಹಕ್ಕಿ ಕಲ್ಲಿನಂತೆ ಬಿದ್ದು ಎದೆಮೂಳೆಯ ಮೇಲಿನ ಚರ್ಮ ಸೀಳಿಕೊಳ್ಳುತ್ತದೆ, ಜೀವನಪೂರ್ತಿ ಪುಕ್ಕಲಾಗುತ್ತದೆ. ಬದಲಿಗೆ ಕರೆದಾಗ ಬರುವುದನ್ನು ಕಲಿಸಿ: ಕೊಂಬೆಯಿಂದ ಕೈಗೆ ಒಂದು ಹೆಜ್ಜೆ, ನಂತರ ಒಂದು ಜಿಗಿತ, ನಂತರ ಒಂದು ಮೀಟರ್ ಹಾರಾಟ. ಪಂಜರ ತೆರೆಯುವ ಮುಂಚೆ ಫ್ಯಾನ್ ನಿಂತಿರಬೇಕು, ಕಿಟಕಿಗೆ ಪರದೆ ಎಳೆದಿರಬೇಕು, ತೆರೆದ ನೀರಿನ ಪಾತ್ರೆಗಳಿಗೆ ಮುಚ್ಚಳ ಬಿದ್ದಿರಬೇಕು.

ಸ್ನಾನ ವಾರಕ್ಕೆ ಎರಡು ಮೂರು ಸಲ, ಬೆಳಗ್ಗೆ. ಸ್ಪ್ರೇ ಬಾಟಲಿಯನ್ನು ಮುಖಕ್ಕೆ ಗುರಿಯಿಡದೆ ತಲೆಯ ಮೇಲಕ್ಕೆ ಎತ್ತಿ, ಹನಿಗಳು ಮೇಲಿಂದ ಉದುರುವಂತೆ ಸಿಂಪಡಿಸಿ. ಗ್ರೇ ಮೈಯಿಂದ ಬಿಳಿ ಪುಡಿ ಉದುರುತ್ತಲೇ ಇರುತ್ತದೆ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಇದನ್ನು ಹಕ್ಕಿ ತರುವ ಮುಂಚೆಯೇ ಯೋಚಿಸಬೇಕು.

ಮಾತು ಸಾಮಾನ್ಯವಾಗಿ ಒಂದು ವರ್ಷದ ಸುಮಾರಿಗೆ ಶುರು. ಅದಕ್ಕೂ ಮೊದಲು ಒಂದು ಕರೆ-ಸೀಟಿ ಗೊತ್ತುಮಾಡಿಕೊಳ್ಳಿ. ನೀವು ಬೇರೆ ಕೋಣೆಯಲ್ಲಿದ್ದಾಗ ಮರಿ ಸೀಟಿ ಹಾಕಿದರೆ ತಿರುಗಿ ಸೀಟಿ ಹಾಕಿ, ಕಿರುಚಿದರೆ ಉತ್ತರಿಸಬೇಡಿ. ಪದ ಕಲಿಸಲು ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ತಮ್ಮ ಗಿಳಿ ಅಲೆಕ್ಸ್‌ಗೆ ಬಳಸಿದ ವಿಧಾನವೇ ಚೆನ್ನ. 1977ರಲ್ಲಿ ತಂದ ಆ ಗ್ರೇ 2007ರಲ್ಲಿ ಸಾಯುವ ಹೊತ್ತಿಗೆ ನೂರಕ್ಕೂ ಹೆಚ್ಚು ಪದಗಳನ್ನು ಅರ್ಥವರಿತು ಬಳಸುತ್ತಿತ್ತು. ಗಿಳಿಯ ಎದುರಿಗೆ ಒಬ್ಬರು 'ಇದೇನು?' ಎಂದು ಕೇಳುತ್ತಾರೆ, ಇನ್ನೊಬ್ಬರು ಹೆಸರು ಹೇಳಿ ಅದೇ ವಸ್ತುವನ್ನು ಪಡೆಯುತ್ತಾರೆ. ಬಹುಮಾನವೂ ಆ ವಸ್ತುವೇ, ಬಾದಾಮಿಯಲ್ಲ. ಆಗ ಪದಕ್ಕೂ ವಸ್ತುವಿಗೂ ನಂಟು ಬೀಳುತ್ತದೆ.

ಹೊಸ ವಸ್ತುಗಳಿಗೆ ಒಗ್ಗಿಸಲು ಮೊದಲ ವರ್ಷ ಚಿನ್ನದಂಥ ಸಮಯ. ಹೊಸ ಆಟಿಕೆಯನ್ನು ಮೊದಲು ಎರಡು ಮೂರು ಮೀಟರ್ ದೂರದಲ್ಲಿಟ್ಟು, ಮರಿ ಕಾಣುವಂತೆ ನೀವೇ ಅದರೊಂದಿಗೆ ಆಡಿ, ದಿನದಿನಕ್ಕೆ ಹತ್ತಿರ ತನ್ನಿ. ಟವೆಲ್ ಮತ್ತು ಪ್ರಯಾಣದ ಪಂಜರಕ್ಕೂ ಇದೇ ದಾರಿ. ಬಾಗಿಲು ತೆರೆದ ಪ್ರಯಾಣದ ಪಂಜರ ಸದಾ ಕೋಣೆಯಲ್ಲೇ ಇರಲಿ. ಕಡ್ಡಿ ಹಿಂಬಾಲಿಸಿ ಒಳಹೋದಾಗ ಬಾದಾಮಿ, ಹೊರಬರಲು ಪೂರ್ತಿ ಬಿಡುವು. ಬಾಗಿಲು ಮುಚ್ಚುವುದು ಮೊದಲು ಒಂದು ಕ್ಷಣ, ಆಮೇಲೆ ಒಂದು ನಿಮಿಷ, ಆಮೇಲೆ ಎತ್ತಿಕೊಂಡು ಮನೆಯೊಳಗೇ ಒಂದು ಸುತ್ತು. ವೈದ್ಯರ ಬಳಿ ತುರ್ತಾಗಿ ಓಡುವ ದಿನ ಹಕ್ಕಿಯನ್ನು ಅಟ್ಟಾಡಿಸಿ ಹಿಡಿಯುವಂತಾದರೆ ಅಲ್ಲಿಯವರೆಗೆ ಗಳಿಸಿದ ಸಲುಗೆಗೂ ಪೆಟ್ಟು, ಆಗಲೇ ಉಸಿರಾಟಕ್ಕೆ ಕಷ್ಟಪಡುತ್ತಿರುವ ಹಕ್ಕಿಯ ಜೀವಕ್ಕೂ ಅಪಾಯ.