ಗ್ರಾಹಕ ಕೊಟ್ಟದ್ದು ₹3,000, ಖಾತೆಗೆ ಬಂದದ್ದು ₹2,929.20: ಉಳಿದದ್ದು ಎಲ್ಲಿ ಹೋಯಿತು?

ಕಲಬುರಗಿಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆಯನ್ನು ಮನೆಯಿಂದಲೇ ಬೆಂಗಳೂರು, ಪುಣೆಗೆ ಕಳಿಸಿ ಮಾರಬಹುದು. ಆರ್ಡರ್ ಕಡಿಮೆ ಇರುವ ತನಕ ವಾಟ್ಸ್‌ಆ್ಯಪ್‌ನಲ್ಲಿ ಕ್ಯೂಆರ್ ಕೋಡ್ ಕಳಿಸಿದರೆ ಸಾಕು. ಎಳ್ಳ ಅಮಾವಾಸ್ಯೆ ಹತ್ತಿರ ಬಂದು ಸಜ್ಜೆ ರೊಟ್ಟಿಗೂ ಬೇಡಿಕೆ ಶುರುವಾದರೆ, ಯಾರು ನಿಜಕ್ಕೂ ರೊಕ್ಕ ಹಾಕಿದರು, ಯಾರು ಬರೀ ಸ್ಕ್ರೀನ್‌ಶಾಟ್ ಕಳಿಸಿದರು ಅಂತ ನೋಡುವುದರಲ್ಲೇ ದಿನ ಮುಗಿಯುತ್ತದೆ. ಆಗ ವೆಬ್‌ಸೈಟ್, ಅದಕ್ಕೊಂದು ಪೇಮೆಂಟ್ ಗೇಟ್‌ವೇ ಬೇಕಾಗುತ್ತದೆ. ಅಲ್ಲಿ ಕಾಣುವ ಪದಗಳನ್ನು ಒಂದೇ ಆರ್ಡರಿನ ಬೆನ್ನು ಹತ್ತಿ ನೋಡೋಣ.

ಖಾತೆ ತೆರೆಯುವಾಗ

ಗ್ರಾಹಕರ ಕಾರ್ಡ್ ಅಥವಾ ಯುಪಿಐ ವಿವರವನ್ನು ಸುರಕ್ಷಿತವಾಗಿ ಬ್ಯಾಂಕಿಗೆ ಮುಟ್ಟಿಸುವ ವ್ಯವಸ್ಥೆ ಗೇಟ್‌ವೇ. ನಿಮ್ಮ ಪರವಾಗಿ ಹಣ ಪಡೆದು, ಎಸ್ಕ್ರೊ ಖಾತೆಯಲ್ಲಿ (ಬೇರೆಯವರ ಹಣವನ್ನು ಪ್ರತ್ಯೇಕವಾಗಿ ಇಡುವ ಖಾತೆ) ಇಟ್ಟು, ಆಮೇಲೆ ನಿಮಗೆ ಕಳಿಸುವ ಕಂಪನಿ ಪೇಮೆಂಟ್ ಅಗ್ರಿಗೇಟರ್. ಹೆಚ್ಚಿನ ಕಡೆ ಎರಡೂ ಒಬ್ಬರೇ. ಅಗ್ರಿಗೇಟರ್‌ಗೆ ರಿಸರ್ವ್ ಬ್ಯಾಂಕಿನ ಅನುಮತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಕೆವೈಸಿಗೆ ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಕೇಳುತ್ತಾರೆ. ಪ್ಯಾನ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

‘ಆಥರೈಸ್ಡ್’ ಕಂಡ ಕೂಡಲೇ ಕೊರಿಯರ್ ಕೊಡಬೇಡಿ

ಪುಣೆಯಿಂದ ₹3,000ದ ಆರ್ಡರ್ ಬಂತು ಅನ್ನಿ. ‘ಆಥರೈಸ್ಡ್’ ಅಂದರೆ ಗ್ರಾಹಕರ ಬ್ಯಾಂಕ್ ಒಪ್ಪಿದೆ, ಅಷ್ಟೇ. ‘ಕ್ಯಾಪ್ಚರ್ಡ್’ ಆದ ಮೇಲೇ ಆ ಹಣ ನಿಮ್ಮ ಲೆಕ್ಕಕ್ಕೆ ಸೇರುವುದು. ಕ್ಯಾಪ್ಚರ್ ಮಾಡದೇ ಬಿಟ್ಟರೆ ಅದು ಗ್ರಾಹಕರಿಗೇ ವಾಪಸ್ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಟೊ ಕ್ಯಾಪ್ಚರ್ ಆನ್ ಮಾಡಿಟ್ಟರೆ ಈ ತಲೆನೋವು ಇಲ್ಲ.

‘ಫೇಲ್ಡ್’ ಎಂದಿದ್ದು, ಗ್ರಾಹಕರು ಫೋನ್ ಮಾಡಿ ‘ನನ್ನ ರೊಕ್ಕ ಕಟ್ ಆಗಿದೆ’ ಎಂದರೆ ಗಾಬರಿಯಾಗಿ ಕೈಯಿಂದ ಕೊಡಬೇಡಿ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ಇಂಥ ಹಣ ವಹಿವಾಟಿನ ದಿನದಿಂದ 5 ದಿನದೊಳಗೆ ತಾನಾಗಿಯೇ ಮರಳಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ ಗ್ರಾಹಕರಿಗೆ ಸಿಗಬೇಕು. ನೀವು ಕೊಟ್ಟು, ಬ್ಯಾಂಕೂ ಕೊಟ್ಟರೆ ನಷ್ಟ ನಿಮ್ಮದೇ.

ಇನ್ನೊಂದು ಮಾತು. ಫೋನಿನಲ್ಲಿ ಕಾರ್ಡ್ ನಂಬರ್ ಕೇಳಿ ವಹಿಯಲ್ಲಿ ಬರೆದಿಟ್ಟುಕೊಳ್ಳುವ ಕೆಲಸ ಬೇಡವೇ ಬೇಡ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ವಿವರ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಟೋಕನ್, ಅಂದರೆ ಕಾರ್ಡ್ ನಂಬರಿನ ಜಾಗದಲ್ಲಿ ನಿಲ್ಲುವ ಬೇರೆ ಕೋಡ್, ಬಳಕೆಯಾಗುತ್ತದೆ.

₹70.80ರ ಲೆಕ್ಕ

ಕಾರ್ಡ್ ವಹಿವಾಟಿಗೆ ವ್ಯಾಪಾರಿಯಿಂದ ಕಡಿತವಾಗುವ ಶುಲ್ಕವೇ ಎಂಡಿಆರ್. ಗೇಟ್‌ವೇ ಎಲ್ಲ ಸೇರಿಸಿ 2% ಹಿಡಿಯುತ್ತದೆ ಎಂದುಕೊಳ್ಳಿ. ₹3,000ಕ್ಕೆ ₹60 ಆಯಿತು. ಆ ₹60ರ ಮೇಲೆ 18% ಜಿಎಸ್‌ಟಿ, ಅಂದರೆ ₹10.80. ಉಳಿದದ್ದು ₹2,929.20. ಜಿಎಸ್‌ಟಿ ಬೀಳುವುದು ಶುಲ್ಕದ ಮೇಲೆ ಮಾತ್ರ, ಪೂರ್ತಿ ಮೂರು ಸಾವಿರದ ಮೇಲಲ್ಲ.

‘ಯುಪಿಐಗೆ ಶುಲ್ಕವೇ ಇಲ್ಲ ಅಲ್ವಾ?’ ಎಂದು ಕೇಳಬಹುದು. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೂ ರುಪೇ ಡೆಬಿಟ್ ಕಾರ್ಡಿಗೂ ಎಂಡಿಆರ್ ಸೊನ್ನೆ. ಆದರೆ ಕಂಪನಿಗಳು ‘ಪ್ಲಾಟ್‌ಫಾರ್ಮ್ ಫೀ’ ಎಂಬ ಬೇರೆ ಹೆಸರಿನಲ್ಲಿ ಹಿಡಿಯುವುದುಂಟು. ಸಹಿ ಹಾಕುವ ಮೊದಲು ದರಪಟ್ಟಿಯಲ್ಲಿ ಯುಪಿಐ, ಡೆಬಿಟ್, ಕ್ರೆಡಿಟ್, ವಿದೇಶಿ ಕಾರ್ಡ್ ಪ್ರತಿಯೊಂದರ ಸಾಲನ್ನೂ ಬೇರೆ ಬೇರೆ ಓದಿ.

ಸೆಟಲ್‌ಮೆಂಟ್

ಅಗ್ರಿಗೇಟರ್ ನಿಮ್ಮ ಹಣವನ್ನು ನಿಮ್ಮ ಬ್ಯಾಂಕ್ ಖಾತೆಗೆ ಹಾಕುವುದೇ ಸೆಟಲ್‌ಮೆಂಟ್. ಅದು ಟಿ+2 ಎಂದಿದ್ದರೆ ವಹಿವಾಟಿನ ದಿನದ ನಂತರ ಎರಡನೇ ಕೆಲಸದ ದಿನ. ಶುಕ್ರವಾರದ ಆರ್ಡರ್, ಶನಿವಾರ ಬ್ಯಾಂಕ್ ರಜೆ ಇದ್ದರೆ ಮಂಗಳವಾರ ಕೈಸೇರುತ್ತದೆ. ಹಬ್ಬದ ವಾರ ಹಿಟ್ಟು, ಶೇಂಗಾ ತರಲು ಈ ರೊಕ್ಕವನ್ನೇ ನಂಬಬೇಡಿ. ಹಲವು ಆರ್ಡರಿನ ಹಣ ಒಟ್ಟಿಗೇ ಜಮೆಯಾಗುತ್ತದೆ. ಯಾವ ಜಮೆಯಲ್ಲಿ ಯಾವ ಆರ್ಡರ್ ಇದೆ ಎಂದು ತಿಳಿಯಲು ಪಾಸ್‌ಬುಕ್ಕಿನ ಯುಟಿಆರ್ ನಂಬರನ್ನು (ಪ್ರತಿ ಜಮೆಗೂ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ಸೆಟಲ್‌ಮೆಂಟ್ ರಿಪೋರ್ಟಿನ ನಂಬರ್ ಜೊತೆ ತಾಳೆ ನೋಡಬೇಕು.

ರೊಟ್ಟಿ ಮುರಿದರೆ

ಡಬ್ಬಿ ತೆರೆದಾಗ ರೊಟ್ಟಿ ಪುಡಿಯಾಗಿತ್ತು ಎಂದು ಗ್ರಾಹಕರು ನಿಮಗೇ ಹೇಳಿದರೆ, ನೀವು ಹಣ ಮರಳಿಸುವುದು ರೀಫಂಡ್. ಆಗಲೂ ಆ ₹70.80 ಬಹಳ ಕಡೆ ನಿಮಗೆ ವಾಪಸ್ ಸಿಗುವುದಿಲ್ಲ. ‘ರೀಫಂಡ್ ಬರಬೇಕು, ಪಿನ್ ಹಾಕಿ’ ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ.

ಗ್ರಾಹಕರು ನಿಮ್ಮನ್ನು ಕೇಳದೇ ನೇರ ತಮ್ಮ ಬ್ಯಾಂಕಿಗೆ ದೂರು ಕೊಟ್ಟರೆ ಅದು ಚಾರ್ಜ್‌ಬ್ಯಾಕ್. ಇದರ ಬಿಸಿ ಜಾಸ್ತಿ. ವಿವಾದ ಮುಗಿಯುವ ತನಕ ಗೇಟ್‌ವೇ ಆ ಮೊತ್ತವನ್ನು ತಡೆಹಿಡಿಯಬಹುದು, ಮೇಲೆ ದಂಡದಂತೆ ಶುಲ್ಕವನ್ನೂ ಹಾಕಬಹುದು. ಉತ್ತರಿಸಲು ಕೆಲವೇ ದಿನ ಕೊಡುತ್ತಾರೆ. ಬಿಲ್, ಕೊರಿಯರ್ ಮುಟ್ಟಿದ ರಸೀದಿ, ಗ್ರಾಹಕರ ಜೊತೆಗಿನ ಚಾಟ್, ಡಬ್ಬಿ ಮುಚ್ಚುವ ಮುನ್ನ ತೆಗೆದ ಫೋಟೊ, ಇಷ್ಟನ್ನು ಆರ್ಡರ್ ನಂಬರ್ ಹಾಕಿ ಒಂದು ಫೋಲ್ಡರಿನಲ್ಲಿ ಇಟ್ಟಿರಿ. ಅವಧಿಯೊಳಗೆ ಉತ್ತರ ಹೋಗದಿದ್ದರೆ ತಪ್ಪು ಯಾರದೇ ಇರಲಿ, ಹಣ ಗ್ರಾಹಕರಿಗೆ ಹೋಗುತ್ತದೆ. ನೋಟಿಸ್ ಬರುವುದು ನೋಂದಾಯಿಸಿದ ಇಮೇಲ್‌ಗೆ. ಅದು ವೆಬ್‌ಸೈಟ್ ಮಾಡಿಕೊಟ್ಟ ಅಳಿಯನ ಇಮೇಲ್ ಆಗಿದ್ದರೆ ಇವತ್ತೇ ಬದಲಾಯಿಸಿ.